ಕಟ್ಟಡ ನಿಲ್ಲುತ್ತೆ, ಫೈಲು?

ನಮ್ಮಲ್ಲಿ ಸಿನಿಮಾಕ್ಕೆ ವಿಮರ್ಶೆ ಇದೆ, ಪುಸ್ತಕಕ್ಕೆ ಇದೆ, ಹೊಸ ದೋಸೆ ಹೋಟೆಲಿಗಂತೂ ಬಾಗಿಲು ತೆರೆದ ಮರುದಿನವೇ ಇದೆ. ಆಫೀಸಿನಿಂದ ಸಾವಿರಾರು ರೂಪಾಯಿ ಕಟ್ಟಿಸಿ, ಎರಡು ದಿನ ಸ್ಟಾರ್ ಹೋಟೆಲಿನ ಎಸಿಯಲ್ಲಿ ನಡುಗುತ್ತಾ ಕೂತು ಬರುವ ಕಾನ್ಫರೆನ್ಸುಗಳಿಗೆ ಮಾತ್ರ ಯಾರೂ ವಿಮರ್ಶೆ ಬರೆಯೋಲ್ಲ. ಲಿಂಕ್ಡ್‌ಇನ್ನಿನಲ್ಲಿ ಬರುತ್ತಲ್ಲ ಅಂತೀರಾ? ಅದು ವಿಮರ್ಶೆ ಅಲ್ಲ, ಮದುವೆ ಮನೆಯಿಂದ ಹೊರಡೋವಾಗ ಹೇಳುವ 'ಊಟ ಚೆನ್ನಾಗಿತ್ತು' ಅಷ್ಟೇ. ಸೆಲ್ಫಿ, ಕೊರಳಿನ ಟ್ಯಾಗು, 'ಕಲಿತದ್ದು ಬಹಳ' ಅನ್ನೋ ಒಂದು ಸಾಲು. ಏನು ಕಲಿತ್ರಿ ಅಂತ ಕೇಳಿದ್ರೆ ಹೇಳೋರು ಕಡಿಮೆ.

ಹಾಗಾಗಿ ಈ ಸಲ ನಾನೇ ಬರೀತೀನಿ. ನಾನು ಹೋಗಿದ್ದು ಕಟ್ಟಡ ವಿನ್ಯಾಸದ ಸಾಫ್ಟ್‌ವೇರ್ ಕುರಿತ ಎರಡು ದಿನದ ಸಮ್ಮೇಳನಕ್ಕೆ, ಬೆಂಗಳೂರಿನ ಔಟರ್ ರಿಂಗ್ ರೋಡಿನ ಒಂದು ಹೋಟೆಲಿನಲ್ಲಿ. ನಡೆಸಿದವರ ಹೆಸರು ಬೇಡ. ಹೇಳದಿದ್ರೂ ನಷ್ಟವಿಲ್ಲ, ಇವೆಲ್ಲ ಒಂದೇ ತಟ್ಟೆಯಲ್ಲಿ ಬೆಂದ ಇಡ್ಲಿಗಳು. ಮೂಲ ಅಚ್ಚು ಅಮೆರಿಕದ್ದು. ಆಟೋಕ್ಯಾಡ್ ಮೊದಲು ಲೋಕದ ಕಣ್ಣಿಗೆ ಬಿದ್ದದ್ದೇ 1982ರ ನವೆಂಬರಿನಲ್ಲಿ, ಲಾಸ್ ವೇಗಸ್‌ನ ಕಾಮ್‌ಡೆಕ್ಸ್ ಅನ್ನೋ ಕಂಪ್ಯೂಟರ್ ಮೇಳದಲ್ಲಿ. ಅದೇ ಕಂಪನಿ ಮುಂದೆ 'ಆಟೋಡೆಸ್ಕ್ ಯೂನಿವರ್ಸಿಟಿ' ಅಂತ ವರ್ಷಕ್ಕೊಂದು ಸಮ್ಮೇಳನ ಶುರುಮಾಡಿ, ಬಹಳ ವರ್ಷ ಅದನ್ನೂ ಲಾಸ್ ವೇಗಸ್‌ನಲ್ಲೇ ನಡೆಸಿತು. ಜೂಜಿನ ಊರಿನಲ್ಲಿ ಯೂನಿವರ್ಸಿಟಿ! ಕತ್ತಲೆ ಹಾಲು, ಎದೆಗೆ ಗುದ್ದುವ ಸಂಗೀತ, ಜೀನ್ಸ್ ಮೇಲೆ ಬ್ಲೇಜರ್ ಹಾಕಿಕೊಂಡ ಭಾಷಣಕಾರ, ಹಿಂದೆ ಊರಗಲದ ಪರದೆ. ಈ ರೂಢಿ ಅಲ್ಲಿಂದ ನಮ್ಮ ಮಾರತ್‌ಹಳ್ಳಿ ತನಕ ಒಂದು ಕೂದಲೂ ಕೊಂಕದೆ ಬಂದಿದೆ.

ಈ ಕಸುಬಿನವರಲ್ಲದವರಿಗೆ ಒಂದೆರಡು ಮಾತು ಹೇಳಿ ಮುಂದೆ ಹೋಗ್ತೀನಿ. ಮೊದಲು ನಾವು ಕಂಪ್ಯೂಟರಿನಲ್ಲಿ ಬರೀತಿದ್ದದ್ದು ಗೆರೆಗಳನ್ನ. ಎರಡು ಗೆರೆ ಎಳೆದರೆ ಗೋಡೆ. ಅದು ಗೋಡೆ ಅಂತ ನನಗೆ ಗೊತ್ತು, ಮೇಸ್ತ್ರಿಗೆ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ಪ್ಲಾನಿನಲ್ಲಿ ಕಿಟಕಿ ಒಂದಡಿ ಸರಿಸಿದ್ರೆ ಎಲಿವೇಶನ್ನಿನಲ್ಲೂ ಸರಿಸಬೇಕು, ಸೆಕ್ಷನ್ನಿನಲ್ಲೂ ಸರಿಸಬೇಕು, ಕಿಟಕಿಗಳ ಪಟ್ಟಿಯಲ್ಲೂ ತಿದ್ದಬೇಕು. ಎಲ್ಲೋ ಒಂದು ಕಡೆ ಬಿಟ್ಟುಹೋಗುತ್ತೆ. ಸೈಟಿನಲ್ಲಿ ಗೋಡೆ ಒಡೆಯೋ ಸದ್ದು ಕೇಳಿದಾಗಲೇ ಅದು ನೆನಪಾಗೋದು.

ಚಾರ್ಲ್ಸ್ ಈಸ್ಟ್‌ಮನ್ ಅನ್ನೋ ಪ್ರಾಧ್ಯಾಪಕರು 1970ರ ದಶಕದಲ್ಲೇ, ಅಮೆರಿಕದ ಕಾರ್ನೆಗೀ ಮೆಲನ್‌ನಲ್ಲಿದ್ದಾಗ, ಈ ಕಾಯಿಲೆಗೆ ಮದ್ದು ಹುಡುಕಿದ್ರು. ಗೆರೆಗಳ ಬದಲು ಕಟ್ಟಡದ ಭಾಗಗಳನ್ನೇ ಕಂಪ್ಯೂಟರಿಗೆ ತಿಳಿಸಿ. ಪ್ಲಾನು, ಸೆಕ್ಷನ್ನು ಎಲ್ಲ ಅದೇ ಒಂದು ಮಾದರಿಯಿಂದ ಹೊರಬರಲಿ ಅಂದ್ರು. 1975ರಲ್ಲಿ ಅದನ್ನ ಬರೆದು ಪ್ರಕಟಿಸಿದ್ರು. ಆಗ ಅದನ್ನ ಸಲೀಸಾಗಿ ಓಡಿಸುವ ಕಂಪ್ಯೂಟರ್ ಆರ್ಕಿಟೆಕ್ಟರ ಮೇಜಿನ ಮೇಲೆ ಇರಲಿಲ್ಲ. 1980ರ ದಶಕದಲ್ಲಿ ಹಂಗೇರಿಯ ಗ್ರಾಫಿಸಾಫ್ಟ್ ಆರ್ಕಿಕ್ಯಾಡ್ ತಂದಿತು. 2000ದಲ್ಲಿ ರೆವಿಟ್ ಬಂತು, 2002ರಲ್ಲಿ ಅದನ್ನ ಆಟೋಡೆಸ್ಕ್ 13 ಕೋಟಿ 30 ಲಕ್ಷ ಡಾಲರ್ ಕೊಟ್ಟು ಕೊಂಡಿತು. ಇವತ್ತು ಇದಕ್ಕೆಲ್ಲ ಸೇರಿ 'ಬಿಲ್ಡಿಂಗ್ ಇನ್ಫರ್ಮೇಶನ್ ಮಾಡೆಲಿಂಗ್' ಅಂತ ಹೆಸರು, ಬಾಯಲ್ಲಿ ಬಿಮ್. ಇಲ್ಲಿ ಗೋಡೆಗೆ ತಾನು ಗೋಡೆ ಅಂತ ಗೊತ್ತು. ಬಾಗಿಲಿಗೆ ತಾನು ಯಾವ ಗೋಡೆಯಲ್ಲಿದ್ದೀನಿ ಅಂತ ಗೊತ್ತು. ಗೋಡೆ ಅಳಿಸಿದ್ರೆ ಬಾಗಿಲೂ ಸಹಗಮನ ಮಾಡುತ್ತೆ.

ಈ ಐಡಿಯಾದ ಬಗ್ಗೆ ನನಗೆ ತಕರಾರಿಲ್ಲ. ಇದರಿಂದಲೇ ನನ್ನ ಅನ್ನ, ಇದನ್ನ ಮಾಡೋವಾಗ ಖುಷಿಯೂ ಇದೆ. ತಕರಾರು ಏನಿದ್ರೂ ಈ ಐಡಿಯಾದ ಹಬ್ಬವನ್ನ ನಾವು ಆಚರಿಸುವ ರೀತಿ ಬಗ್ಗೆ.

ಮೊದಲ ದಿನ ಬೆಳಿಗ್ಗೆಯ ಕೀನೋಟ್. ಐವತ್ತು ನಿಮಿಷದಲ್ಲಿ 'ಸಿಂಗಲ್ ಸೋರ್ಸ್ ಆಫ್ ಟ್ರೂತ್' ಅನ್ನೋ ಮಾತು ಎಷ್ಟು ಸಲ ಬಂತು ಅಂತ ಪಕ್ಕದಲ್ಲಿದ್ದ ನನ್ನ ಸಹೋದ್ಯೋಗಿ ನೋಟ್‌ಪ್ಯಾಡಿನಲ್ಲಿ ಗೀಟು ಹಾಕ್ತಾ ಇದ್ದಳು. ಕನ್ನಡದಲ್ಲಿ ಹೇಳಿದ್ರೆ 'ಸತ್ಯದ ಏಕೈಕ ಮೂಲ'. ಉಪನಿಷತ್ತಿನಂತಿದೆ, ಅಲ್ವಾ? ನಿಜದಲ್ಲಿ ಅದರ ಅರ್ಥ, ಎಲ್ಲರೂ ಒಂದೇ ಮಾದರಿಯಲ್ಲಿ ಕೆಲಸ ಮಾಡಿ, ವಾಟ್ಸಾಪಿನಲ್ಲಿ ಬಂದ 'ಫೈನಲ್', 'ಫೈನಲ್ 2', 'ಫೈನಲ್ ಲಾಸ್ಟ್' ಪಿಡಿಎಫ್‌ಗಳನ್ನ ನಂಬಬೇಡಿ ಅಂತ. ಇಷ್ಟು ಹೇಳಿದ್ರೆ ಎಲ್ಲರಿಗೂ ಅರ್ಥ ಆಗ್ತಿತ್ತು. ಆದರೆ ಅರ್ಥ ಆಗೋ ಮಾತಿಗೆ ಅಷ್ಟು ದೊಡ್ಡ ಪರದೆ ಬೇಕಾಗೋಲ್ಲ.

ಆಮೇಲೆ ಡೆಮೋ. ಡೆಮೋ ಕಟ್ಟಡ ಅನ್ನೋದು ಒಂದು ಪ್ರತ್ಯೇಕ ಪ್ರಭೇದ. ಹಸಿರು ಹುಲ್ಲಿನ ಮೇಲೆ ನಿಂತ ಗಾಜಿನ ಕಟ್ಟಡ, ಸುತ್ತ ನಾಲ್ಕು ಮರ, ಒಳಗೆ ಅರೆಪಾರದರ್ಶಕ ಮನುಷ್ಯರು. ಪಕ್ಕದ ಮನೆ ಇಲ್ಲ. ಸಂಪು ಇಲ್ಲ, ತಾರಸಿ ಮೇಲೆ ಸಿಂಟೆಕ್ಸ್ ಇಲ್ಲ, ಬಟ್ಟೆ ಒಣಗಿಸೋ ತಂತಿ ಇಲ್ಲ, ಟ್ರಾನ್ಸ್‌ಫಾರ್ಮರ್ ಗೇಟಿಗೆ ಅಡ್ಡ ಬಂದಿಲ್ಲ. ಸೈಟು ಯಾವಾಗಲೂ ಚೌಕ. ನಮ್ಮಲ್ಲಿ 30-40 ಅಂತ ಕ್ರಯಪತ್ರದಲ್ಲಿದ್ದ ಸೈಟು ಅಳೆದಾಗ ಒಂದು ಮೂಲೆಯಲ್ಲಿ 28 ಅಡಿ ಬರೋದು ಮಾಮೂಲು. ಸಾಫ್ಟ್‌ವೇರ್ ತನ್ನ ಜೊತೆಗೇ ತರುವ ಗೋಡೆಗಳ ಪಟ್ಟಿ ತೆರೆದು ನೋಡಿ: ಮೆಟಲ್ ಸ್ಟಡ್ ಮೇಲೆ ಇಟ್ಟಿಗೆ, ನಡುವೆ ಇನ್ಸುಲೇಶನ್, ಒಳಗೆ ಜಿಪ್ಸಮ್ ಬೋರ್ಡು. ನಮ್ಮ ಒಂಬತ್ತಿಂಚಿನ ಗೋಡೆ, ನಾಲ್ಕೂವರೆ ಇಂಚಿನ ಗೋಡೆ, ಆರಿಂಚಿನ ಸಾಲಿಡ್ ಬ್ಲಾಕು, ಸೈಜುಗಲ್ಲಿನ ಪಾಯ - ಇವನ್ನೆಲ್ಲ ಪ್ರತಿ ಆಫೀಸೂ ತಾನೇ ಕೂತು ಮಾಡ್ಕೋಬೇಕು. ಡ್ರಾಯಿಂಗಿನಲ್ಲಿ 230 ಮಿಲಿಮೀಟರ್ ಅಂತ ಬರೀತೀವಿ, ಸೈಟಿನಲ್ಲಿ ಒಂಬತ್ತಿಂಚು ಅಂತೀವಿ, ಓನರ್ ಹತ್ತಿರ 'ಹನ್ನೆರಡು ಚದರ ಬರುತ್ತೆ ಸಾರ್' ಅಂತೀವಿ. ಒಂದೇ ಮನೆ, ಮೂರು ಲೆಕ್ಕ. ಈ ಎರಡು ದಿನದಲ್ಲಿ ವೇದಿಕೆ ಮೇಲೆ ಇಂಥ ಒಂದು ಮನೆಯನ್ನೂ ಯಾರೂ ತೋರಿಸಲಿಲ್ಲ.

ಈ ಸಲದ ಹೊಸ ದೇವರು ಎಐ. ಸೈಟಿನ ಗಡಿ ಕೊಟ್ಟು ಒಂದು ಗುಂಡಿ ಒತ್ತಿದ್ರೆ ನೂರಾರು ವಿನ್ಯಾಸಗಳು ಇಸ್ಪೀಟ್ ಎಲೆ ಥರ ಉದುರಿದವು. ಬಿಸಿಲೆಷ್ಟು, ಗಾಳಿಯೆಷ್ಟು, ರಸ್ತೆ ಸದ್ದೆಷ್ಟು ಅಂತ ಪ್ರತಿಯೊಂದಕ್ಕೂ ಅಂಕ. ಇದು ಉಪಯೋಗಕ್ಕೆ ಬಾರದ್ದು ಅಂತ ನಾನು ಹೇಳೋಲ್ಲ. ದೊಡ್ಡ ಅಪಾರ್ಟ್‌ಮೆಂಟಿನ ಬ್ಲಾಕುಗಳನ್ನ ಎಲ್ಲಿ ಕೂರಿಸೋದು ಅನ್ನೋದಕ್ಕೆ ಒಂದು ವಾರದ ಕೆಲಸ ಒಂದು ಮಧ್ಯಾಹ್ನಕ್ಕೆ ಇಳಿಯುತ್ತೆ. ಆದರೆ ಭಾಷಣಕಾರರು ಹೇಳಿದ ಕಾರಣ ಬೇರೆ: ಇದು ನಿಮ್ಮನ್ನ ಯಾಂತ್ರಿಕ ಕೆಲಸದಿಂದ ಬಿಡಿಸಿ ಸೃಜನಶೀಲ ಕೆಲಸಕ್ಕೆ ಕಳಿಸುತ್ತೆ ಅಂತ. ಆ ಮಾತು ಬಂದಾಗ ನಾನು ಹಿಂತಿರುಗಿ ಹಾಲ್ ನೋಡಿದೆ.

ಹಾಲಿನಲ್ಲಿ ಯಾರಿದ್ರು? ಮುಕ್ಕಾಲು ಪಾಲು ನನ್ನಂಥವರೇ, ಮಾಡೆಲರ್‌ಗಳು, ಕೋಆರ್ಡಿನೇಟರ್‌ಗಳು. ಬ್ರಿಟನ್ನಿನಲ್ಲಿ 2016ರ ಏಪ್ರಿಲ್‌ನಿಂದ ಕೇಂದ್ರ ಸರ್ಕಾರದ ಕಟ್ಟಡ ಯೋಜನೆಗಳಿಗೆ ಬಿಮ್ ಕಡ್ಡಾಯವಾಯ್ತು. ಸಿಂಗಪುರದಲ್ಲಿ 5,000 ಚದರ ಮೀಟರ್ ದಾಟಿದ ಕಟ್ಟಡಗಳ ನಕ್ಷೆ ಮಂಜೂರಾತಿಗೆ 2015ರಿಂದ ಬಿಮ್ ಫೈಲೇ ಕೊಡಬೇಕು. ಅಷ್ಟೊಂದು ಮಾದರಿಗಳನ್ನ ಮಾಡೋರು ಯಾರು? ಒಂದು ಪಾಲು ಬೆಂಗಳೂರು, ಪುಣೆ, ಚೆನ್ನೈಗಳ ಗಾಜಿನ ಕಟ್ಟಡಗಳಲ್ಲಿ, ಅವರ ಗಡಿಯಾರಕ್ಕೆ ನಮ್ಮ ಗಡಿಯಾರ ಹೊಂದಿಸಿಕೊಂಡು ಕೂತಿರೋರು. ಇಂಗ್ಲೆಂಡಿನ ಒಂದು ಆಸ್ಪತ್ರೆಯ ನಾಲ್ಕನೇ ಮಹಡಿಯಲ್ಲಿ ಪ್ರತಿ ಮಂಚದ ತಲೆಭಾಗಕ್ಕೆ ಆಕ್ಸಿಜನ್ ಪಾಯಿಂಟ್ ನೆಲದಿಂದ ಎಷ್ಟು ಎತ್ತರದಲ್ಲಿದೆ ಅಂತ ನಾನು ನಿದ್ದೆಗಣ್ಣಲ್ಲೂ ಹೇಳಬಲ್ಲೆ. ಆ ಊರನ್ನ ನಾನು ನೋಡಿಲ್ಲ. ಡ್ರಾಯಿಂಗಿನ ಮೂಲೆಯ ಪಟ್ಟಿಯಲ್ಲಿ 'ಬರೆದವರು' ಅಂತ ಒಂದು ಖಾನೆ ಇರುತ್ತೆ. ಅಲ್ಲಿ ಅಲ್ಲಿಯವರ ಇನಿಶಿಯಲ್.

ಡಕ್ಟು ತೊಲೆಯ ಒಳಗೆ ತೂರಿದೆ, ಪೈಪು ಕೇಬಲ್ ಟ್ರೇಗೆ ಗುದ್ದಿದೆ ಅಂತ ಸಾವಿರಗಟ್ಟಲೆ ಕ್ಲ್ಯಾಶ್‌ಗಳ ಪಟ್ಟಿಯನ್ನ ಒಂದೊಂದಾಗಿ ತೆರೆದು ಬಿಡಿಸೋದೇ ನಮ್ಮ ದಿನ. ಈ ಕೆಲಸವನ್ನ 'ಯಾಂತ್ರಿಕ' ಅಂತ ಕರೆದು, ಇದರಿಂದ ನಿಮಗೆ ಬಿಡುಗಡೆ ಅಂದ್ರೆ ನಮಗೆ ಎಲ್ಲಿಗೆ ಬಿಡುಗಡೆ? ಸೃಜನಶೀಲ ಕೆಲಸ ಲಂಡನ್ನಿನಲ್ಲೋ ಮೆಲ್ಬರ್ನಿನಲ್ಲೋ ಆಗ್ತಾ ಇದೆ. ಅದನ್ನ ಇಲ್ಲಿಗೆ ಕಳಿಸ್ತೀವಿ ಅಂತ ಯಾರೂ ಹೇಳಿಲ್ಲ. ಚಪ್ಪಾಳೆ ಬಿತ್ತು, ನಿಜ. ಕತ್ತಲಲ್ಲಿ ಕೂತವರು ಅಕ್ಕಪಕ್ಕ ನೋಡಿ ತಟ್ಟೋ ಚಪ್ಪಾಳೆ. ಇಂಥ ವೇದಿಕೆಯಲ್ಲಿ ಒಂದು ಗಂಟೆ ಈ ಪ್ರಶ್ನೆಗೆ ಇಟ್ಟಿದ್ರೆ, ಮಾಡೆಲರ್ ಆಗಿ ಐದು ವರ್ಷ ಕಳೆದವರಿಗೆ ಮುಂದೇನು ಅಂತ ಚರ್ಚೆ ಮಾಡಿದ್ರೆ, ಆ ಹಾಲಿನಲ್ಲಿ ಒಬ್ಬರೂ ಫೋನ್ ನೋಡ್ತಿರಲಿಲ್ಲ.

(ಊಟದ ಬಗ್ಗೆ: ಪನೀರು. ಎರಡೂ ದಿನ. ಮುಂದೆ ಹೋಗೋಣ.)

ಚೆನ್ನಾಗಿದ್ದದ್ದನ್ನೂ ಹೇಳಬೇಕು, ಇಲ್ಲದಿದ್ರೆ ಇದು ವಿಮರ್ಶೆಯಾಗದೆ ಬೈಗುಳ ಆಗುತ್ತೆ. ಮೊದಲ ದಿನ ಸಂಜೆ ನಾಲ್ಕಕ್ಕೆ, ಲಿಫ್ಟಿನ ಪಕ್ಕದ ಸಣ್ಣ ರೂಮಿನಲ್ಲಿ ಒಂದು ಸೆಶನ್. ವಿಷಯ: ಬಾಗಿಲುಗಳಿಗೆ ನಂಬರ್ ಕೊಡೋದು ಹೇಗೆ. ನಗಬೇಡಿ. ರೆವಿಟ್‌ನಲ್ಲಿ ಬಾಗಿಲುಗಳಿಗೆ ನಂಬರ್ ಬೀಳೋದು ನಾವು ಅವನ್ನ ಇಟ್ಟ ಕ್ರಮದಲ್ಲಿ. ಮೊದಲು ಇಟ್ಟದ್ದು 1, ಆಮೇಲೆ ಇಟ್ಟದ್ದು 2. ಮೂರು ತಿಂಗಳಾದ ಮೇಲೆ 14ರ ಪಕ್ಕ 611 ಇರುತ್ತೆ. ಸೈಟಿನವರಿಗೆ ಬೇಕಾದದ್ದು ರೂಮಿನ ಪ್ರಕಾರ, ಕಾರಿಡಾರಿನಲ್ಲಿ ನಡೆದುಕೊಂಡು ಹೋದ ಹಾಗೆ ನಂಬರು. ಒಂದು ದೊಡ್ಡ ಕಟ್ಟಡದಲ್ಲಿ ಇದನ್ನ ಕೈಯಲ್ಲಿ ಮಾಡಿದವರಿಗೆ ಮಾತ್ರ ಗೊತ್ತು ಇದರ ಸಂಕಟ. ಆ ಹುಡುಗ, ಇಪ್ಪತ್ತಾರು ಇಪ್ಪತ್ತೇಳು ಇರಬಹುದು, ಡೈನಮೋದಲ್ಲಿ ತಾನು ಮಾಡಿದ ಒಂದು ಸ್ಕ್ರಿಪ್ಟ್ ತೋರಿಸಿದ: ಕಾರಿಡಾರಿನ ಉದ್ದಕ್ಕೂ ಒಂದು ಗೆರೆ ಎಳಿ, ಆ ಗೆರೆ ಹೋದ ದಾರಿಯಲ್ಲಿ ಬಾಗಿಲುಗಳು ತಮ್ಮ ನಂಬರ್ ತಾವೇ ಬರೆದುಕೊಳ್ಳುತ್ತವೆ. ಎಲ್ಲಿ ಕೈಕೊಡುತ್ತೆ ಅನ್ನೋದನ್ನೂ ತೋರಿಸಿದ. ಎರಡು ರೂಮಿನ ನಡುವಿನ ಬಾಗಿಲು ಯಾರಿಗೆ ಸೇರಿದ್ದು ಅನ್ನೋ ಜಗಳ ಇನ್ನೂ ಬಗೆಹರಿದಿಲ್ಲ ಅಂದ. ಜನ ಗೋಡೆಗೊರಗಿ ನಿಂತಿದ್ರು, ಬಾಗಿಲಲ್ಲಿ ನಿಂತಿದ್ರು. ಕೊನೆಗೆ ಸ್ಕ್ರಿಪ್ಟನ್ನ ಪೆನ್‌ಡ್ರೈವಿನಲ್ಲಿ ಕೊಟ್ಟುಬಿಟ್ಟ, ದುಡ್ಡಿಲ್ಲ ಕಾಸಿಲ್ಲ.

ಇಡೀ ಸಮ್ಮೇಳನದ ಜೀವ ಇದ್ದದ್ದು ಅಲ್ಲಿ. ಈ ಕಸುಬಿನ ನಿಜವಾದ ವಿದ್ಯೆ ಸಾಫ್ಟ್‌ವೇರ್ ಏನು ಮಾಡುತ್ತೆ ಅನ್ನೋದರಲ್ಲಿ ಇಲ್ಲ, ಅದು ಮಾಡದೇ ಇರೋದನ್ನ ನಾವು ಹೇಗೆ ಮಾಡಿಸ್ತೀವಿ ಅನ್ನೋದರಲ್ಲಿದೆ. ಡೈನಮೋ ಆಗಲಿ, ಪೈರೆವಿಟ್ ಆಗಲಿ, ಮುಕ್ತವಾಗಿ ಸಿಗುವ ಇಂಥ ಉಪಕರಣಗಳ ಮೇಲೆ ಎಷ್ಟು ಆಫೀಸುಗಳು ನಿಂತಿವೆ ಅಂತ ಈ ಕೆಲಸದವರಿಗೆ ಗೊತ್ತು. ರೆವಿಟ್ ಬಳಸೋರೇ ಸೇರಿಕೊಂಡು 2005ರಲ್ಲಿ ಆಸ್ಟ್ರೇಲಿಯಾದಲ್ಲಿ ತಮ್ಮದೇ ಸಮ್ಮೇಳನ ಶುರುಮಾಡಿದ್ರು. ಅದು ಮುಂದೆ 'ಬಿಲ್ಟ್' ಅನ್ನೋ ಹೆಸರಲ್ಲಿ ಬೇರೆ ಖಂಡಗಳಿಗೂ ಹೋಯ್ತು. ಮಾರುವವರು ಕರೆದ ಸಭೆಗೂ ಬಳಸುವವರು ಕರೆದ ಸಭೆಗೂ ವ್ಯತ್ಯಾಸ ಇದೇ: ಒಂದರಲ್ಲಿ ಲಿಫ್ಟಿನ ಪಕ್ಕದ ರೂಮು ಸಿಗೋದಕ್ಕೆ, ಇನ್ನೊಂದರಲ್ಲಿ ದೊಡ್ಡ ಹಾಲೇ ಸಿಗುತ್ತೆ.

ಇನ್ನು ಎರಡನೇ ದಿನ. ಮಧ್ಯಾಹ್ನದ ಹೊತ್ತಿನ ಸೆಶನ್ 'ಡಿಜಿಟಲ್ ಟ್ವಿನ್' ಬಗ್ಗೆ. ಅಂದರೆ ಕಟ್ಟಡದ ಅವಳಿ. ಕಟ್ಟಿದ ಮೇಲೂ ಮಾದರಿ ಫೈಲನ್ನ ಇಟ್ಟುಕೊಂಡು, ಯಾವ ಪಂಪು ಯಾವಾಗ ಹಾಕಿದ್ದು, ಯಾವ ವಾಲ್ವು ಎಲ್ಲಿದೆ, ಎಲ್ಲವನ್ನೂ ಅದರಲ್ಲೇ ನೋಡಿಕೊಂಡು ಕಟ್ಟಡದ ಜೀವಮಾನ ಪೂರ್ತಿ ನಡೆಸೋದು. ಪ್ರಶ್ನೆಗಳಿಗೆ ಸಮಯ ಬಂದಾಗ ಹಿಂದಿನ ಸಾಲಿನಿಂದ ಒಬ್ಬರು ಎದ್ದರು. ಸರ್ಕಾರದ ಒಂದು ಇಲಾಖೆಯ ಎಂಜಿನಿಯರ್, ನಿವೃತ್ತಿಯ ಹತ್ತಿರ ಇದ್ದ ಹಾಗಿತ್ತು, ಧಾರವಾಡದ ಕಡೆಯ ಮಾತು. ಇಂಗ್ಲಿಷಿನಲ್ಲಿ ಶುರುಮಾಡಿ, ಅರ್ಧಕ್ಕೆ ಬಿಟ್ಟು, ಕನ್ನಡದಲ್ಲೇ ಕೇಳಿದ್ರು: 'ಬಿಲ್ಡಿಂಗ್ ಐವತ್ತು ಅರವತ್ತು ವರ್ಷ ನಿಲ್ಲತೈತಿ. ನಿಮ್ಮ ಈ ಫೈಲು ಎಷ್ಟು ವರ್ಷ ನಿಲ್ಲತೈತ್ರೀ?'

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ನಿರೂಪಕಿ ಅದನ್ನ ಇಂಗ್ಲಿಷಿಗೆ ಮಾಡಿ ಹೇಳಿದಳು. ಭಾಷಣಕಾರರು 'ಬಹಳ ಒಳ್ಳೆ ಪ್ರಶ್ನೆ' ಅಂದ್ರು. ಕ್ಲೌಡ್ ಅಂದ್ರು, ಸೆಕ್ಯುರಿಟಿ ಅಂದ್ರು, ಆಮೇಲೆ ಹೊರಗೆ ಸಿಕ್ಕಿ ಮಾತಾಡೋಣ ಅಂದ್ರು. ಮುಂದಿನ ಪ್ರಶ್ನೆ ಯಾವುದೋ ಸರ್ಟಿಫಿಕೇಟಿನ ಬಗ್ಗೆ.

ನನ್ನ ಮಟ್ಟಿಗೆ ಎರಡು ದಿನದ ಏಕೈಕ ದೊಡ್ಡ ಪ್ರಶ್ನೆ ಅದು, ಅದಕ್ಕೆ ಉತ್ತರ ಕೊಡದೆ ಸಾಗಹಾಕಿದ್ದೇ ಈ ಸಮ್ಮೇಳನದ ಸೋಲು. ಚಹಾ ಸಮಯದಲ್ಲಿ ಹೋಗಿ ಮಾತಾಡಿಸಿದೆ. 'ಸಾರ್, ನಿಮ್ಮ ಪ್ರಶ್ನೆಗೆ ಹೊರಗಾದ್ರೂ ಉತ್ತರ ಸಿಕ್ತಾ?' ಅಂದ್ರೆ ನಕ್ಕರು. 'ಬ್ಯಾಗ್ ಕೊಟ್ಟಾರಮ್ಮಾ, ಛಲೋ ಐತಿ,' ಅಂದ್ರು. ಅವರ ಆಫೀಸಿನ ಒಂದು ಬೀರುವಿನಲ್ಲಿ ಟ್ರೇಸಿಂಗ್ ಕ್ಲಾತ್ ಮೇಲೆ ಬರೆದ ಹಳೇ ಸೇತುವೆಗಳ ಡ್ರಾಯಿಂಗುಗಳಿವೆಯಂತೆ. ಅವರು ಹುಟ್ಟೋ ಮೊದಲು ಬರೆದವು. ವರ್ಷಕ್ಕೊಮ್ಮೆ ನುಸಿಗುಳಿಗೆ ಬದಲಾಯಿಸ್ತಾರೆ. ದುರಸ್ತಿ ಬಂದಾಗ ಬಿಚ್ಚಿ ಮೇಜಿನ ಮೇಲೆ ಹಾಸಿ ನೋಡ್ತಾರೆ, ಕಬ್ಬಿಣ ಎಷ್ಟು ಎಂಎಂ ಹಾಕ್ಯಾರ ಅಂತ ಕಾಣ್ತೈತಿ ಅಂದ್ರು. ಓದೋಕೆ ಬೇಕಾದ ಉಪಕರಣ ಒಂದು ಜೊತೆ ಕಣ್ಣು, ಈಗ ಅದಕ್ಕೊಂದು ಕನ್ನಡಕ.

ಈ ಮಾತು ಕನ್ನಡದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಷ್ಟು ಚೆನ್ನಾಗಿ ಇದನ್ನ ಅನುಭವಿಸಿದವರು ಕಡಿಮೆ. ಯೂನಿಕೋಡ್ ಬಳಕೆಗೆ ಬರೋ ಮೊದಲು ನಾವು ಕಂಪ್ಯೂಟರಿನಲ್ಲಿ ಕನ್ನಡ ಬರೀತಿದ್ದದ್ದು ಹೇಗೆ? ನುಡಿ, ಬರಹ, ಶ್ರೀಲಿಪಿ - ಇಂಥವುಗಳ ಫಾಂಟಿಗೆ ಕಟ್ಟಿಹಾಕಿದ ಸಂಕೇತಗಳಲ್ಲಿ. ಪರದೆ ಮೇಲೆ 'ಕ' ಕಾಣ್ತಿತ್ತು, ಫೈಲಿನ ಒಳಗೆ ಇರ್ತಿದ್ದದ್ದು ಯಾವುದೋ ಇಂಗ್ಲಿಷ್ ಅಕ್ಷರದ ನಂಬರು. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದ್ರೆ ಬಾಲ, ಕೊಂಬು ಬಂದ ರೋಮನ್ ಅಕ್ಷರಗಳ ಚಿತ್ರಾನ್ನ. ಅಪ್ಪನ ಹಳೇ ಸಿಡಿಯಲ್ಲಿದ್ದ ಲೇಖನ, ಸಂಘದ ಸ್ಮರಣ ಸಂಚಿಕೆ, ಯಾರದೋ ಪಿಎಚ್‌ಡಿ ಪ್ರಬಂಧ, ಎಷ್ಟೋ ಮನೆಗಳಲ್ಲಿ ಹೀಗೆ ಬೀಗ ಹಾಕಿಕೊಂಡು ಕೂತಿವೆ. ಕನ್ವರ್ಟರ್‌ಗಳನ್ನ ಬರೆದ ಪುಣ್ಯಾತ್ಮರು ಇಲ್ಲದಿದ್ರೆ ಇನ್ನೂ ಎಷ್ಟು ಹೋಗ್ತಿತ್ತೋ. ಕನ್ವರ್ಟರ್ ಬರೆಯೋಕೆ ಆದದ್ದೂ ಯಾಕೆ? ಆ ಸಂಕೇತಗಳ ಪಟ್ಟಿಯನ್ನ ಬಿಡಿಸಿ ನೋಡಲು ಸಾಧ್ಯವಿತ್ತು, ಅಕ್ಷರಗಳು ಕೆಲವೇ ನೂರು. ಒಂದು ಆಸ್ಪತ್ರೆಯ ಬಿಮ್ ಫೈಲು ಅಷ್ಟು ಸರಳ ಅಲ್ಲ. ಒಳಗೆ ಗೋಡೆ, ತೊಲೆ, ಪೈಪುಗಳ ಜೊತೆಗೆ ಅವುಗಳ ನಡುವಿನ ಸಂಬಂಧಗಳೂ ಇವೆ, ಆ ಸಂಬಂಧಗಳ ವ್ಯಾಕರಣ ಮಾರಾಟಗಾರರ ಗುಟ್ಟು.

ರೆವಿಟ್ ಫೈಲು ಹೊಸ ವರ್ಶನ್ನಿನಲ್ಲಿ ತೆರೆದು ಉಳಿಸಿದ್ರೆ ಹಳೇ ವರ್ಶನ್ನಿಗೆ ವಾಪಸ್ ಹೋಗೋಲ್ಲ. ಪ್ರತಿ ವರ್ಷ ಒಂದು ಹೊಸ ವರ್ಶನ್. ಒಬ್ಬರು ಮುಂದೆ ಹೋದ್ರೆ ಆ ಪ್ರಾಜೆಕ್ಟಿನ ಎಲ್ಲರೂ ಹೋಗಬೇಕು. ಇದರ ಮೇಲೆ 2016ರಲ್ಲಿ ಇನ್ನೊಂದು ಬದಲಾವಣೆ: ಆಟೋಡೆಸ್ಕ್ ತನ್ನ ಸಾಫ್ಟ್‌ವೇರನ್ನ ಶಾಶ್ವತವಾಗಿ ಮಾರೋದನ್ನ ನಿಲ್ಲಿಸಿ ಬಾಡಿಗೆಗೆ ಕೊಡೋ ಪದ್ಧತಿಗೆ ಹೋಯ್ತು. ಅಲ್ಲಿಯ ತನಕ ಒಮ್ಮೆ ಕೊಂಡರೆ, ಹಳೇದಾದ್ರೂ ಅದು ನಮ್ಮದು. ಎಷ್ಟು ವರ್ಷ ಬೇಕಾದ್ರೂ ಅದೇ ವರ್ಶನ್ನಿನಲ್ಲಿ ತೆಗೆದು ತಿದ್ದಬಹುದಿತ್ತು. ಈಗ ವರ್ಷ ವರ್ಷ ಕಟ್ಟಬೇಕು. ಕಟ್ಟೋದು ನಿಲ್ಲಿಸಿದ್ರೆ ಫೈಲನ್ನ ನೋಡೋಕೆ ದಾರಿಗಳಿವೆ, ಆ ಮಟ್ಟಿಗೆ ನ್ಯಾಯವಾಗಿ ಹೇಳಬೇಕು. ತಿದ್ದಿ ಉಳಿಸೋಕೆ ಇಲ್ಲ. ಕಟ್ಟಡ ಸ್ವಂತದ್ದು, ಅದರ ನೆನಪು ಮಾತ್ರ ಬಾಡಿಗೆ ಮನೆಯಲ್ಲಿ.

ಇದು ನನ್ನೊಬ್ಬಳ ಗೊಣಗಾಟ ಅಲ್ಲ. 2020ರ ಜುಲೈನಲ್ಲಿ ಜಾಹಾ ಹದೀದ್ ಆರ್ಕಿಟೆಕ್ಟ್ಸ್, ಗ್ರಿಮ್‌ಶಾ ಥರದ ದೊಡ್ಡ ದೊಡ್ಡ ಸಂಸ್ಥೆಗಳೇ ಸೇರಿಕೊಂಡು ಆಟೋಡೆಸ್ಕಿಗೆ ಬಹಿರಂಗ ಪತ್ರ ಬರೆದವು. ಬೆಲೆ ಏರ್ತಾನೇ ಇದೆ, ರೆವಿಟ್ ಮಾತ್ರ ಅದಕ್ಕೆ ತಕ್ಕ ಹಾಗೆ ಬೆಳೆದಿಲ್ಲ ಅನ್ನೋದು ಅದರ ಮುಖ್ಯ ದೂರು. ಕಂಪನಿಯ ಮುಖ್ಯಸ್ಥರು ಬಹಿರಂಗವಾಗಿಯೇ ಉತ್ತರ ಕೊಟ್ಟು, ಆರ್ಕಿಟೆಕ್ಚರ್ ಕಡೆಯ ಸುಧಾರಣೆ ನಿಧಾನವಾಗಿತ್ತು ಅನ್ನೋದನ್ನ ಒಪ್ಪಿಕೊಂಡರು. 2022ರಲ್ಲಿ ನಾರ್ಡಿಕ್ ದೇಶಗಳ ಕಡೆಯಿಂದ ಮತ್ತೊಂದು ಪತ್ರ ಹೋಯ್ತು. ಜಗತ್ತಿನ ಅತಿ ಪ್ರಸಿದ್ಧ ಆಫೀಸುಗಳೇ ಕೈಮುಗಿದು ಪತ್ರ ಬರೀಬೇಕಾದ ಪರಿಸ್ಥಿತಿ ಇದ್ದಾಗ, ಜಯನಗರದ ನಾಲ್ಕು ಜನರ ಆಫೀಸಿನ ಸ್ಥಿತಿ ಏನು? ಈ ಪತ್ರಗಳ ವಿಷಯ ಎರಡು ದಿನದಲ್ಲಿ ಯಾವ ವೇದಿಕೆಯಲ್ಲೂ ಬರಲಿಲ್ಲ. ಕಾರಿಡಾರಿನಲ್ಲಿ ಬಂತು, ಟಾಯ್ಲೆಟ್ಟಿನ ಹೊರಗಿನ ಕ್ಯೂನಲ್ಲಿ ಬಂತು.

ಮದ್ದೇ ಇಲ್ಲ ಅಂತಲೂ ಅಲ್ಲ. ಐಎಫ್‌ಸಿ ಅಂತ ಒಂದು ಮುಕ್ತ ಫೈಲ್ ಮಾದರಿ ಇದೆ, ಯಾವ ಕಂಪನಿಯ ಸ್ವತ್ತೂ ಅಲ್ಲ, 2013ರಿಂದ ಅದು ಅಂತರರಾಷ್ಟ್ರೀಯ ಐಎಸ್‌ಒ ಮಾನದಂಡ. ಅದರ ಫೈಲನ್ನ ಬರೀ ನೋಟ್‌ಪ್ಯಾಡಿನಲ್ಲಿ ತೆರೆದ್ರೂ ಗೋಡೆ, ಬಾಗಿಲು, ಚಪ್ಪಡಿ ಅಂತ ಸಾಲುಸಾಲಾಗಿ ಇಂಗ್ಲಿಷಿನಲ್ಲಿ ಓದಬಹುದು. ನಾಳೆ ಎಲ್ಲ ಕಂಪನಿಗಳೂ ಮುಚ್ಚಿಹೋದ್ರೂ ಯಾರೋ ಒಬ್ಬ ಪುಣ್ಯಾತ್ಮ ಕೂತು ಅದನ್ನ ಬಿಡಿಸಬಹುದು, ನುಡಿ ಫೈಲುಗಳನ್ನ ಬಿಡಿಸಿದ ಹಾಗೆ. ತೊಂದರೆಯೂ ಇದೆ. ರೆವಿಟ್‌ನಿಂದ ಐಎಫ್‌ಸಿಗೆ ಹಾಕಿದ ಗೋಡೆ ಗೋಡೆಯಾಗಿಯೇ ಬರುತ್ತೆ, ಆದರೆ ಮೊದಲಿನ ಹಾಗೆ ಎಳೆದು ತಿದ್ದುವ ಗುಣ ಬಹುಪಾಲು ಹೋಗಿರುತ್ತೆ. ಬಿಸಿ ಚಪಾತಿಗೂ ಡಬ್ಬಿಯಲ್ಲಿ ತಂದ ಚಪಾತಿಗೂ ಇರೋ ವ್ಯತ್ಯಾಸ. ಸರಿಯಾಗಿ ಹಾಕೋಕೂ ಕಲಿಯಬೇಕು: ಯಾವುದನ್ನ ಯಾವ ವರ್ಗಕ್ಕೆ ಸೇರಿಸಬೇಕು, ಯಾವ ಮಾಹಿತಿ ಜೊತೆಗೆ ಹೋಗಬೇಕು ಅಂತ ಮೊದಲೇ ಹೇಳದಿದ್ರೆ ಮೆಟ್ಟಿಲಿನ ರೇಲಿಂಗು 'ಇತರೆ' ಅನ್ನೋ ಗುಡ್ಡೆಯಲ್ಲಿ ಹೋಗಿ ಬೀಳುತ್ತೆ.

ಇದನ್ನೇ ಕೇಳೋಣ ಅಂತ ಸ್ಟಾಲುಗಳ ಸಾಲಿಗೆ ಹೋದೆ. ಒಂದು ಸ್ಟಾಲಿನ ಹುಡುಗನ ಹತ್ತಿರ, 'ಐಎಫ್‌ಸಿ ಎಕ್ಸ್‌ಪೋರ್ಟ್ ಸ್ವಲ್ಪ ತೋರಿಸ್ತೀರಾ?' ಅಂದೆ. 'ಆಗುತ್ತೆ ಮೇಡಂ, ಅದು ಇದ್ದೇ ಇದೆ, ಒಂದು ಕ್ಲಿಕ್ಕು,' ಅಂದ. 'ಆ ಕ್ಲಿಕ್ಕೇ ತೋರಿಸಿ,' ಅಂದೆ. ಡೆಮೋ ಕಂಪ್ಯೂಟರಿನಲ್ಲಿ ಆ ಮೆನು ಹುಡುಕೋಕೆ ಅವನಿಗೆ ಸ್ವಲ್ಪ ಹೊತ್ತು ಬೇಕಾಯ್ತು. ಪಾಪ, ಬೆಳಗಿನಿಂದ ಯಾರೂ ಅದನ್ನ ಕೇಳಿರಲಿಲ್ಲವಂತೆ. ಅವನ ತಪ್ಪೇನಿಲ್ಲ, ಮಾರಾಟದ ಜಾಗದಲ್ಲಿ ಒಳಗೆ ಬರೋ ಬಾಗಿಲನ್ನ ತೋರಿಸೋಕೆ ತರಬೇತಿ ಕೊಟ್ಟಿರ್ತಾರೆ, ಹೊರಗೆ ಹೋಗೋ ಬಾಗಿಲನ್ನಲ್ಲ.

ಒಂದು ಸಮ್ಮೇಳನ ಇದನ್ನ ಮಾಡಬಹುದಿತ್ತು. ಹದಿನೈದು ವರ್ಷ ಹಳೆಯ ಒಂದು ಪ್ರಾಜೆಕ್ಟ್ ಫೈಲನ್ನ ವೇದಿಕೆ ಮೇಲೆ ಎಲ್ಲರೆದುರು ತೆರೆಯಲಿ. ಏನು ಬಂತು, ಏನು ಕಳೆದುಹೋಯ್ತು, ಎಷ್ಟು ಹೊತ್ತು ಹಿಡಿಯಿತು, ತೋರಿಸಲಿ. ಬೇರೆ ಬೇರೆ ಕಂಪನಿಯವರು ಒಂದೇ ಐಎಫ್‌ಸಿ ಫೈಲನ್ನ ತಮ್ಮ ತಮ್ಮ ಸಾಫ್ಟ್‌ವೇರಿನಲ್ಲಿ ಅಕ್ಕಪಕ್ಕ ತೆರೆಯಲಿ. ಆ ಧಾರವಾಡದ ಎಂಜಿನಿಯರಿಗೆ ಮೈಕ್ ಕೊಟ್ಟು ಮುಂದಿನ ಸಾಲಿನಲ್ಲಿ ಕೂರಿಸಲಿ. ಅದಕ್ಕೆ ನಾನು ನನ್ನ ಸ್ವಂತ ದುಡ್ಡು ಕೊಟ್ಟು, ಶನಿವಾರ ಆದ್ರೂ, ಎರಡೂ ದಿನ ಪನೀರ್ ಇದ್ರೂ ಹೋಗ್ತೀನಿ. ಫೀಡ್‌ಬ್ಯಾಕ್ ಫಾರಂನಲ್ಲಿ ಇದನ್ನ ಬರೆಯೋಣ ಅಂದ್ಕೊಂಡ್ರೆ ಅದರಲ್ಲಿ ಬರೆಯೋ ಜಾಗವೇ ಇರಲಿಲ್ಲ. ಐದು ನಗುಮುಖಗಳಲ್ಲಿ ಒಂದನ್ನ ಒತ್ತಬೇಕಿತ್ತು, ಅಷ್ಟೇ.

ನಮ್ಮ ಆಫೀಸಿನಲ್ಲಿ ಈಗ ಒಂದು ಪದ್ಧತಿ ಶುರುಮಾಡಿದೀವಿ. ಪ್ರಾಜೆಕ್ಟ್ ಮುಗಿದ ದಿನ ಮೂಲ ಫೈಲಿನ ಜೊತೆಗೆ ಒಂದು ಐಎಫ್‌ಸಿ, ಎಲ್ಲ ಶೀಟುಗಳ ಪಿಡಿಎಫ್, ಮತ್ತು ಬಾಗಿಲು ಕಿಟಕಿ ಪಂಪುಗಳ ಪಟ್ಟಿ ಬರೀ ಟೆಕ್ಸ್ಟ್ ಫೈಲಿನಲ್ಲಿ. ಆಮೇಲೆ ಆ ಪ್ರಾಜೆಕ್ಟಿನಲ್ಲಿ ಕೆಲಸ ಮಾಡದ ಒಬ್ಬರು ಕೂತು, ದುಡ್ಡಿಲ್ಲದ ವ್ಯೂವರ್‌ನಲ್ಲಿ ಐಎಫ್‌ಸಿ ತೆರೆದು, ಯಾವುದಾದ್ರೂ ಹತ್ತು ತೊಲೆಗಳ ಅಳತೆ ಓದಿ ಹೇಳಬೇಕು. ಹೋದ ಸಲ ತೊಲೆಗಳೆಲ್ಲ ಸರಿಯಾಗಿ ಬಂದವು, ಮೆಟ್ಟಿಲಿನ ರೇಲಿಂಗು ಎಂದಿನಂತೆ 'ಇತರೆ' ಗುಡ್ಡೆಯಲ್ಲಿತ್ತು. ಅದನ್ನ ಸರಿಮಾಡೋಕೆ ಅರ್ಧ ದಿನ ಹಿಡಿಯಿತು. ಕ್ಲೈಂಟ್ ಇದ್ಯಾವುದನ್ನೂ ಕೇಳಿಲ್ಲ. ಕೇಳಿದ್ರೆ ಬಿಲ್ಲಿನಲ್ಲಿ ಸೇರಿಸಬಹುದಿತ್ತು.